ಹೈಡ್ರೇಂಜಿಯಾ ನೆಡುವ ಮೊದಲು: ಪೊದೆ ಎಷ್ಟು ಜಾಗ ಹಿಡಿದೀತು?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹೋದ ವರ್ಷ ಮನೆ ಕೊಂಡೆವು. ಮನೆ ಪೂರ್ವಾಭಿಮುಖವಾಗಿದೆ. ಮುಂದಿನ ಗೋಡೆಗೂ ಕಾಲುದಾರಿಗೂ ನಡುವೆ ನಾಲ್ಕೂವರೆ ಅಡಿ ಅಗಲ, 16 ಅಡಿ ಉದ್ದದ ಪಾತಿ ಇದೆ. ಕಿಟಕಿಯ ಕೆಳ ಅಂಚು ನೆಲದಿಂದ ಮೂರೂವರೆ ಅಡಿ ಮೇಲಿದೆ. ಅಲ್ಲಿ ಎರಡೂವರೆ ಅಡಿಗೊಂದರಂತೆ ಆರು ‘ಲೈಮ್‌ಲೈಟ್’ ಹೈಡ್ರೇಂಜಿಯಾ ಹಾಕಿ ಎಂದು ನರ್ಸರಿಯವರು ಹೇಳಿದರು. ಮಡಿಕೇರಿಯಲ್ಲಿ ನನ್ನ ತವರುಮನೆಯ ಅಂಗಳದ ಹೈಡ್ರೇಂಜಿಯಾ ಆಳೆತ್ತರ ಇದೆ. ಇಲ್ಲಿ ಪಕ್ಕದ ಮನೆಯದು ಹತ್ತು ವರ್ಷದ ಗಿಡವಂತೆ, ಇನ್ನೂ ಮೊಣಕಾಲು ದಾಟಿಲ್ಲ. ಹಾಗಾದರೆ ಲೇಬಲ್ಲಿನ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬೇಕು? ತಾಯಂದಿರ ದಿನಕ್ಕೆ ಮಗಳು ತಂದುಕೊಟ್ಟ ಹೆಸರಿಲ್ಲದ ಕುಂಡದ ಗಿಡವೊಂದಿದೆ, ಅದನ್ನು ಎಲ್ಲಿ ನೆಡಲಿ?

ಉತ್ತರ: ಮೊದಲಿಗೆ, ಆ ಆರು ಲೈಮ್‌ಲೈಟ್ ಗಿಡಗಳನ್ನು ದಯವಿಟ್ಟು ಕೊಳ್ಳಬೇಡಿ. ಲೈಮ್‌ಲೈಟ್ ಬಹಳ ಒಳ್ಳೆಯ ತಳಿಯೇ, ಆದರೆ ಅದು ಆರರಿಂದ ಎಂಟು ಅಡಿ ಎತ್ತರಕ್ಕೂ ಅಷ್ಟೇ ಅಗಲಕ್ಕೂ ಬೆಳೆಯುವ ಪೊದೆ. ನೀವು ಬರೆದಿರುವ ಪಾತಿಯಲ್ಲಿ ಅಂಥ ಒಂದು ಗಿಡಕ್ಕೂ ಅಗಲ ಸಾಲದು. ಆರು ಹಾಕಿದರೆ ನಾಲ್ಕನೆಯ ವರ್ಷಕ್ಕೆ ಕಿಟಕಿ ಮುಚ್ಚಿಹೋಗುತ್ತದೆ, ಕಾಲುದಾರಿಯಲ್ಲಿ ನಡೆಯುವವರ ಬಟ್ಟೆ ಒದ್ದೆಯಾಗುತ್ತದೆ, ಆಮೇಲೆ ಪ್ರತಿ ವರ್ಷ ಕತ್ತರಿ ಹಿಡಿದು ಗಿಡದೊಡನೆ ಗುದ್ದಾಡುವುದೇ ಕೆಲಸವಾಗುತ್ತದೆ. ನರ್ಸರಿಯವರು ಎರಡೂವರೆ ಅಡಿ ಎಂದದ್ದು ಬಹುಶಃ ನೆಟ್ಟ ದಿನ ಪಾತಿ ತುಂಬಿದಂತೆ ಕಾಣಲಿ ಎಂಬ ಎಣಿಕೆಯಿಂದ. ಗಿಡ ಮಾರುವವರಿಗೆ ಆ ದಿನ ಮುಖ್ಯ. ಆ ಮನೆಯಲ್ಲಿ ಬಾಳುವ ನಿಮಗೆ ಎಂಟನೆಯ ವರ್ಷ ಮುಖ್ಯ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಮಡಿಕೇರಿಯ ಗಿಡ ಆಳೆತ್ತರವಾಗಿ, ಎಡಿಸನ್ನಿನ ಗಿಡ ಮೊಣಕಾಲಿನಷ್ಟೇ ಉಳಿದದ್ದನ್ನು ನೋಡಿ ಲೇಬಲ್ ಸುಳ್ಳು ಹೇಳುತ್ತದೆ ಎಂದು ನಿಮಗೆ ಅನಿಸಿದೆ. ಲೇಬಲ್ ಸುಳ್ಳಲ್ಲ, ಅರ್ಧ ಮಾತು. ಇಂಥ ತಳಿ, ಇಂಥ ಹವೆಯಲ್ಲಿ, ಇಷ್ಟು ವರ್ಷ ಅಡ್ಡಿಯಿಲ್ಲದೆ ಬೆಳೆದರೆ ಇಷ್ಟಾಗುತ್ತದೆ ಎಂಬ ಉದ್ದದ ವಾಕ್ಯದಲ್ಲಿ ಕೊನೆಯ ತುಂಡನ್ನು ಮಾತ್ರ ಅದರ ಮೇಲೆ ಅಚ್ಚು ಹಾಕಿರುತ್ತಾರೆ. ಉಳಿದದ್ದನ್ನು ನಾವೇ ತುಂಬಿಕೊಂಡು ಓದಬೇಕು.

ತುಂಬಿಕೊಳ್ಳಬೇಕಾದ ಮೊದಲ ಸಂಗತಿ ಜಾತಿ. ಹೈಡ್ರೇಂಜಿಯಾ ಎಂಬುದು ಒಂದು ಗಿಡದ ಹೆಸರಲ್ಲ, ಒಂದು ಕುಲದ ಹೆಸರು. ಅಮೆರಿಕದ ನರ್ಸರಿಗಳಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ಮುಖ್ಯವಾಗಿ ನಾಲ್ಕೈದು ಜಾತಿಗಳು. ಅವುಗಳ ಅಳತೆ ಮೊಣಕಾಲಿನಿಂದ ಮಹಡಿಯವರೆಗೂ ಹಬ್ಬಿದೆ. ಮಡಿಕೇರಿ, ಊಟಿಯ ಕಡೆ ಬಂಗಲೆಗಳ ಮುಂದೆ ನೀಲಿ ಚೆಂಡುಗಳಂತೆ ಹೂ ಬಿಡುವುದು ‘ಮ್ಯಾಕ್ರೋಫಿಲಾ’, ಅಂದರೆ ಅಗಲವಾದ, ಹೊಳಪಿನ ಎಲೆಯ ಜಾತಿ. ಜಪಾನಿನ ಮೂಲದ್ದು, ಸಾಮಾನ್ಯವಾಗಿ ಮೂರರಿಂದ ಆರು ಅಡಿ. ನಿಮಗೆ ನರ್ಸರಿಯಲ್ಲಿ ತೋರಿಸಿದ ಲೈಮ್‌ಲೈಟ್ ‘ಪ್ಯಾನಿಕ್ಯುಲೇಟಾ’ ಎಂಬ ಬೇರೆ ಜಾತಿಯದು. ಅದರ ಹೂಗೊಂಚಲು ಚೆಂಡಿನಂತಿರದೆ ತುದಿ ಚೂಪಾಗಿ ಶಂಕುವಿನಂತಿರುತ್ತದೆ. ಈ ಜಾತಿಯನ್ನು ಹಾಗೇ ಬಿಟ್ಟರೆ ಹತ್ತು ಹದಿನೈದು ಅಡಿಯ ಸಣ್ಣ ಮರವೇ ಆಗುತ್ತದೆ. ಹಳೆಯ ಮನೆಗಳ ಮುಂದೆ ಕಾಣುವ ‘ಗ್ರ್ಯಾಂಡಿಫ್ಲೋರಾ’ ತಳಿಯ ಗಿಡಗಳು ಮಹಡಿಯ ಕಿಟಕಿ ಮುಟ್ಟುವುದುಂಟು. ಮೂರನೆಯದು ‘ಆರ್ಬೊರೆಸೆನ್ಸ್’, ಪೂರ್ವ ಅಮೆರಿಕದ ಕಾಡಿನದೇ ಆದ ಗಿಡ. ಅದರ ಪ್ರಸಿದ್ಧ ತಳಿ ‘ಆನಬೆಲ್’ ಇಲಿನಾಯ್ ರಾಜ್ಯದ ಆನಾ ಊರಿನ ಬಳಿ ಸಿಕ್ಕಿದ್ದು. ಮೂರರಿಂದ ಐದು ಅಡಿ ಎತ್ತರವಾಗುತ್ತದೆ. ನಾಲ್ಕನೆಯದು ‘ಕ್ವೆರ್ಸಿಫೋಲಿಯಾ’, ಓಕ್ ಮರದ ಎಲೆಯಂತೆ ಸೀಳಿದ ಎಲೆ, ಆರರಿಂದ ಎಂಟು ಅಡಿ, ಕೆಲವು ತಳಿಗಳಲ್ಲಿ ಇನ್ನೂ ಹೆಚ್ಚು. ಇವಲ್ಲದೆ ಗೋಡೆ, ಮರ ಹಿಡಿದು 30 ಅಡಿಗೂ ಮೇಲೆ ಹತ್ತುವ ಬಳ್ಳಿ ಹೈಡ್ರೇಂಜಿಯಾ ಒಂದಿದೆ. ನಿಮ್ಮ ಪಾತಿಗೆ ಅದು ಬೇಡ.

ಎರಡನೆಯ ಸಂಗತಿ ಹವೆ. ನಿಮ್ಮ ತವರಿನ ಗಿಡ ಮತ್ತು ಪಕ್ಕದ ಮನೆಯ ಗಿಡ ಎರಡೂ ಮ್ಯಾಕ್ರೋಫಿಲಾ ಆಗಿರುವ ಸಂಭವವೇ ಹೆಚ್ಚು. ಮಡಿಕೇರಿ ಸಮುದ್ರಮಟ್ಟದಿಂದ 1100 ಮೀಟರಿಗೂ ಮೇಲಿದ್ದರೂ ಅಲ್ಲಿ ಕಾಂಡ ಸಾಯುವಂಥ ಚಳಿ ಬೀಳುವುದಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಬಿಡದು, ಮಣ್ಣು ಹುಳಿ, ಬಿಸಿಲು ಮಂದ. ಒಮ್ಮೆ ಬಂದ ಕಾಂಡ ಐದಾರು ವರ್ಷ ಬದುಕಿ, ಬುಡ ಹೆಬ್ಬೆರಳು ಗಾತ್ರಕ್ಕೆ ದಪ್ಪಗಾಗಿ, ಅದರ ತುದಿಯಿಂದಲೇ ಮುಂದಿನ ವರ್ಷದ ಚಿಗುರು ಹೊರಡುತ್ತದೆ. ವರ್ಷದ ಮೇಲೆ ವರ್ಷ ಕೂಡುತ್ತ ಹೋಗುವುದರಿಂದ ಆ ಗಿಡ ಆಳೆತ್ತರವಾಗುತ್ತದೆ. ಎಡಿಸನ್ ಸುತ್ತಮುತ್ತ ಅಮೆರಿಕದ ಕೃಷಿ ಇಲಾಖೆಯ ನಕ್ಷೆಯ ಪ್ರಕಾರ 7ನೆಯ ಚಳಿ ವಲಯ. ಅಲ್ಲಿ ಜನವರಿಯ ಕೊರೆಯುವ ಚಳಿಗಿಂತಲೂ ಮೋಸ ಮಾಡುವುದು ಏಪ್ರಿಲ್. ಮಾರ್ಚ್ ಕೊನೆಯಲ್ಲಿ ನಾಲ್ಕು ದಿನ ಬಿಸಿಲು ಕಂಡು ಮೊಗ್ಗು ಒಡೆದ ಗಿಡದ ಮೇಲೆ ಏಪ್ರಿಲ್‌ನ ಒಂದು ರಾತ್ರಿ ಹಿಮ ಬಿದ್ದರೆ ಮೇಲಿನ ಕಾಂಡವೆಲ್ಲ ಒಣಗುತ್ತದೆ, ಗಿಡ ಬುಡದಿಂದ ಹೊಸದಾಗಿ ಎದ್ದು ಬರಬೇಕಾಗುತ್ತದೆ. ಒಂದು ಬೇಸಿಗೆಯಲ್ಲಿ ಬುಡದಿಂದ ಎದ್ದ ಚಿಗುರು ಎರಡು, ಹೆಚ್ಚೆಂದರೆ ಮೂರು ಅಡಿ ಆದೀತು. ಮುಂದಿನ ಚಳಿಗಾಲಕ್ಕೆ ಮತ್ತೆ ಮೊದಲಿನಿಂದ. ಹಾಗೆ ನೋಡಿದರೆ ಹತ್ತು ವರ್ಷದ ಆ ಗಿಡ ನೆಲದ ಮೇಲೆ ಯಾವತ್ತೂ ಒಂದು ವರ್ಷದ್ದೇ.

ಇದನ್ನು ನೀವೇ ಪರೀಕ್ಷಿಸಬಹುದು. ಏಪ್ರಿಲ್ ಮಧ್ಯದಲ್ಲಿ ಪಕ್ಕದ ಮನೆಯವರ ಒಪ್ಪಿಗೆ ಕೇಳಿ ಆ ಗಿಡದ ಬಳಿ ಕೂತು ನೋಡಿ. ಹೋದ ವರ್ಷದ ಕಡ್ಡಿಗಳು ಬೂದು ಬಣ್ಣಕ್ಕೆ ತಿರುಗಿ ನಿಂತಿರುತ್ತವೆ. ಒಂದು ಕಡ್ಡಿಯ ಮೇಲೆ ತುದಿಯಿಂದ ಕೆಳಕ್ಕೆ ಅಲ್ಲಲ್ಲಿ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ತೊಗಟೆಯ ಕೆಳಗೆ ಹಸಿರು ಕಂಡರೆ ಅದು ಜೀವಂತ, ಹುಲ್ಲಿನ ಬಣ್ಣದ ಒಣ ನಾರು ಕಂಡರೆ ಸತ್ತಿದೆ. ಹಸಿರು ಶುರುವಾಗುವ ಎತ್ತರವೇ ಆ ವರ್ಷ ಆ ಗಿಡಕ್ಕೆ ಸಿಕ್ಕ ಬಂಡವಾಳ. ಬುಡದಲ್ಲಿ ಮಾತ್ರ ಜೋಡಿ ಜೋಡಿಯಾಗಿ ಮೊಗ್ಗು ಉಬ್ಬಿದ್ದರೆ ನನ್ನ ಊಹೆ ಸರಿ. ಕಡ್ಡಿಗಳ ತುದಿ ಕತ್ತರಿಸಿದಂತಿರದೆ ಹರಿದಂತಿದ್ದರೆ ಅದು ಚಳಿಯ ಕೆಲಸವಲ್ಲ, ಜಿಂಕೆಯದು. ನ್ಯೂಜೆರ್ಸಿಯ ಜಿಂಕೆಗಳಿಗೆ ಹೈಡ್ರೇಂಜಿಯಾದ ಚಿಗುರು ನಮಗೆ ಹಬ್ಬದೂಟ ಇದ್ದಂತೆ. ಎಲ್ಲ ಕಡ್ಡಿಗಳೂ ಒಂದೇ ಮಟ್ಟಕ್ಕೆ ನೀಟಾಗಿ ಕತ್ತರಿಸಿದ್ದರೆ ಹುಲ್ಲು ಕತ್ತರಿಸಲು ಬರುವವರು ಶರತ್ಕಾಲದಲ್ಲಿ ಇದಕ್ಕೂ ಕತ್ತರಿ ಆಡಿಸಿ ಹೋಗಿದ್ದಾರೆ ಎಂದು ತಿಳಿಯಿರಿ. ಮೂರರಲ್ಲಿ ಯಾವುದೇ ಆದರೂ ಆ ಗಿಡವನ್ನು ನೋಡಿ ನಿಮ್ಮ ಗಿಡದ ಗಾತ್ರವನ್ನು ಅಂದಾಜಿಸಬಾರದು. ಮನೆಯ ಗೋಡೆಯ ಮರೆಯಲ್ಲಿ, ಗಾಳಿ ತಾಕದ ಮೂಲೆಯಲ್ಲಿ ನೆಟ್ಟ ಅದೇ ತಳಿ ಎರಡು ಚಳಿಗಾಲ ಸುಮ್ಮನೆ ದಾಟಿಬಿಟ್ಟರೆ ಲೇಬಲ್ಲಿನಲ್ಲಿ ಬರೆದಷ್ಟೇ ಆಗುತ್ತದೆ. ಆದ್ದರಿಂದ ಮ್ಯಾಕ್ರೋಫಿಲಾಕ್ಕೆ ನಿಮ್ಮ ಊರಿನಲ್ಲಿ ಒಂದೇ ಅಳತೆ ಹೇಳಲಾಗದು, ಕೆಟ್ಟ ವರ್ಷ ಎರಡೂವರೆ ಅಡಿ, ಒಳ್ಳೆಯ ವರ್ಷ ನಾಲ್ಕೂವರೆ. ಜಾಗ ಬಿಡುವಾಗ ಒಳ್ಳೆಯ ವರ್ಷದ ಲೆಕ್ಕ ಹಿಡಿಯಬೇಕು. ಪ್ಯಾನಿಕ್ಯುಲೇಟಾಕ್ಕೆ ಈ ಗೊಂದಲವಿಲ್ಲ. ನ್ಯೂಜೆರ್ಸಿಯ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದ್ದರಿಂದಲೇ ಅದರ ಲೇಬಲ್ಲನ್ನು ಹೆಚ್ಚು ನಂಬಬಹುದು, ನಂಬಿ ಹೆದರಲೂಬಹುದು.

ಮೂರನೆಯ ಸಂಗತಿ ವಯಸ್ಸು. ಲೇಬಲ್ಲಿನ ಮೇಲೆ ನಾಲ್ಕು ಅಡಿ ಎಂದಿದ್ದರೆ ಅದು ಎಷ್ಟನೆಯ ವರ್ಷದ ನಾಲ್ಕು ಅಡಿ? ಅಮೆರಿಕದ ಲೇಬಲ್ಲುಗಳು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಗಿಡಗಳ ವಿವರದಲ್ಲಿ ಕೊನೆಯ ಎತ್ತರ, ಕೊನೆಯ ಹರವು, ಜೊತೆಗೆ ಆ ಎತ್ತರ ತಲುಪಲು ಬೇಕಾಗುವ ವರ್ಷಗಳು ಎಂದು ಮೂರನ್ನೂ ಬೇರೆ ಬೇರೆ ಕೊಡುತ್ತದೆ. ನಿಮ್ಮ ತಳಿಯ ಹೆಸರು ಅಲ್ಲಿದ್ದರೆ ಅದನ್ನು ನೋಡಿಕೊಳ್ಳುವುದು ಒಳ್ಳೆಯದು. ಅಮೆರಿಕದ ರಾಷ್ಟ್ರೀಯ ಅರ್ಬೊರೇಟಂ (ಮರಗಿಡಗಳ ಸಸ್ಯೋದ್ಯಾನ) 2010ರಲ್ಲಿ ‘ರೂಬಿ ಸ್ಲಿಪ್ಪರ್ಸ್’ ಎಂಬ ಕುಳ್ಳು ಕ್ವೆರ್ಸಿಫೋಲಿಯಾ ತಳಿಯನ್ನು ಬಿಡುಗಡೆ ಮಾಡಿದಾಗ ಏಳು ವರ್ಷದ ಗಿಡ ಮೂರೂವರೆ ಅಡಿ ಎತ್ತರ, ಐದು ಅಡಿ ಅಗಲ ಇತ್ತು ಎಂದು ಹೇಳಿತ್ತು. ಎಂಥ ಪ್ರಾಮಾಣಿಕ ವಾಕ್ಯ ನೋಡಿ. ಏಳನೆಯ ವರ್ಷಕ್ಕೆ ಗಿಡ ಬೆಳೆಯುವುದನ್ನು ನಿಲ್ಲಿಸುತ್ತದೆ ಎಂದು ಅವರು ಹೇಳಲಿಲ್ಲ. ಅದೇ ಅಂಕಿ ಅಂಗಡಿಯ ಲೇಬಲ್ಲಿಗೆ ಇಳಿಯುವ ಹೊತ್ತಿಗೆ ವರ್ಷದ ಮಾತು ಉದುರಿ, ಅದೇ ಗಿಡದ ಕೊನೆಯ ಗಾತ್ರ ಎಂಬಂತಾಗುತ್ತದೆ. ನಾನು ಪಾಲಿಸುವ ರೂಢಿ ಇದು: ಲೇಬಲ್ಲಿನಲ್ಲಿ ಎರಡು ಅಂಕಿ ಇದ್ದರೆ ದೊಡ್ಡದನ್ನು ಹಿಡಿಯುತ್ತೇನೆ, ಅದರ ಮೇಲೆ ಕಾಲು ಭಾಗ ಸೇರಿಸುತ್ತೇನೆ. ಮೂರರಿಂದ ಐದು ಅಡಿ ಎಂದಿದ್ದರೆ ನನ್ನ ಲೆಕ್ಕದಲ್ಲಿ ಅದು ಆರೂಕಾಲು ಅಡಿ. ಇದು ಶಾಸ್ತ್ರವಲ್ಲ, ಪೆಟ್ಟು ತಿಂದು ಕಲಿತದ್ದು.

ಹೆಸರಿನ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ‘ಲೈಮ್‌ಲೈಟ್’, ‘ಲೈಮ್‌ಲೈಟ್ ಪ್ರೈಮ್’, ‘ಲಿಟಲ್ ಲೈಮ್’ ಮೂರೂ ಪ್ಯಾನಿಕ್ಯುಲೇಟಾಗಳೇ, ಅಂಗಡಿಯಲ್ಲಿ ಅಕ್ಕಪಕ್ಕ ಒಂದೇ ಅಳತೆಯ ಕುಂಡದಲ್ಲಿ ಒಂದೇ ಎತ್ತರಕ್ಕೆ ನಿಂತಿರುತ್ತವೆ. ಮೊದಲನೆಯದು ಆರರಿಂದ ಎಂಟು ಅಡಿ, ಎರಡನೆಯದು ನಾಲ್ಕರಿಂದ ಆರು, ಮೂರನೆಯದು ಮೂರರಿಂದ ಐದು. ಕುಂಡದ ಗಾತ್ರವಾಗಲಿ ಅಂಗಡಿಯಲ್ಲಿ ಗಿಡದ ಎತ್ತರವಾಗಲಿ ಅದರ ನಾಳೆಯನ್ನು ಹೇಳುವುದಿಲ್ಲ. ‘ಎಂಡ್‌ಲೆಸ್ ಸಮ್ಮರ್’ ಎಂಬುದು ಒಂದು ತಳಿಯ ಹೆಸರಲ್ಲ, ಮಾರಾಟದ ಮಾಲಿಕೆಯ ಹೆಸರು. 2004ರಲ್ಲಿ ಬಂದ ಮೊದಲ ಗಿಡದ ನಿಜವಾದ ತಳಿ ಹೆಸರು ‘ಬೈಲ್ಮರ್’. ಅದೇ ನೀಲಿ ಕುಂಡದಲ್ಲಿ ಮೂರು ಅಡಿ ದಾಟದ ತಳಿಯೂ ಬರುತ್ತದೆ, ಐದು ಅಡಿಯದೂ ಬರುತ್ತದೆ. ಲೇಬಲ್ಲಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆದಿರುವುದೇ ತಳಿಯ ನಿಜನಾಮ, ಅದನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಅದೇ ಲೇಬಲ್ಲಿನಲ್ಲಿ ‘ಸ್ಪೇಸಿಂಗ್’ ಎಂದು ಇನ್ನೊಂದು ಅಂಕಿ ಇರುತ್ತದೆ. ಅದು ಗಿಡದ ಅಗಲವಲ್ಲ. ಬೇಲಿಯಂತೆ ಒಂದಕ್ಕೊಂದು ತಾಗಿಕೊಂಡು ಬೆಳೆಯಲಿ ಎಂದಾಗ ಗಿಡದ ನಡುವಿನಿಂದ ನಡುವಿಗೆ ಬಿಡುವ ಅಂತರ. ನಿಮ್ಮ ಎರಡೂವರೆ ಅಡಿ ಎಲ್ಲಿಂದ ಬಂತೋ ನಾನು ಕಾಣೆ. ಲೈಮ್‌ಲೈಟಿನ ಲೇಬಲ್ಲಿನಿಂದಂತೂ ಬಂದಿರಲಾರದು.

ಹೆಚ್ಚಿನವರು ಕೇಳುವುದು ಗಿಡ ಎಷ್ಟು ಎತ್ತರ ಹೋಗುತ್ತದೆ ಎಂದು. ನನಗೆ ಹೆಚ್ಚು ಚಿಂತೆ ಅಗಲದ್ದು. ಎತ್ತರ ಹೆಚ್ಚಾದರೆ ಕಿಟಕಿಯ ಕೆಳಗಿನ ಒಂದಡಿ ಮುಚ್ಚೀತು, ಅಗಲ ಹೆಚ್ಚಾದರೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ದಾರಿ, ಎರಡೂ ಹೋದಂತೆ. ಹೈಡ್ರೇಂಜಿಯಾ ಒಂದು ಬೊಡ್ಡೆಯ ಮೇಲೆ ನಿಲ್ಲುವ ಗಿಡವಲ್ಲ, ಬುಡದಿಂದ ಹಲವು ಕಾಂಡ ಹೊಡೆದು ಸುತ್ತ ಹರಡುವ ಪೊದೆ. ಮ್ಯಾಕ್ರೋಫಿಲಾದ ಕೆಳಗಿನ ಕೊಂಬೆ ನೆಲಕ್ಕೆ ತಾಗಿದರೆ ಅಲ್ಲೇ ಬೇರು ಬಿಟ್ಟು ಇನ್ನೊಂದು ಗಿಡವಾಗುತ್ತದೆ. ಆರ್ಬೊರೆಸೆನ್ಸ್ ನೆಲದೊಳಗಿಂದ ಮರಿ ಹೊಡೆಯುತ್ತ ಬಾಳೆಯ ಗುಂಪಿನಂತೆ ವರ್ಷ ವರ್ಷ ಮೇರೆ ಮುಂದಿಡುತ್ತದೆ. ಅದಕ್ಕೆ ಕೊನೆಯ ಅಗಲ ಎಂಬುದೇ ಇಲ್ಲ, ಗುದ್ದಲಿ ಹಿಡಿದು ನೀವು ನಿಲ್ಲಿಸಿದ್ದೇ ಕೊನೆ. ಇದರ ಮೇಲೆ ಮಳೆಯ ಭಾರ ಬೇರೆ. ಆನಬೆಲ್ಲಿನ ಹೂಚೆಂಡು ಕೆಲವೊಮ್ಮೆ ಹತ್ತು ಅಂಗುಲ ಅಗಲವಿರುತ್ತದೆ, ಜೂನ್ ಕೊನೆಯ ಒಂದು ಜೋರು ಮಳೆಗೆ ನೀರು ಕುಡಿದು ಕಡ್ಡಿ ಬಾಗಿ ನೆಲ ಮುಟ್ಟುತ್ತದೆ. ನಾಲ್ಕಡಿ ಅಗಲದ ಗಿಡ ಆ ಸಂಜೆ ಆರಡಿಯಾಗಿ ದಾರಿಗೆ ಅಡ್ಡ ಮಲಗಿರುತ್ತದೆ. ಲೇಬಲ್ಲಿನಲ್ಲಿ ಮಳೆಯ ದಿನದ ಅಳತೆ ಇರುವುದಿಲ್ಲ.

ಆದ್ದರಿಂದ ನಿಮ್ಮ ಪಾತಿಯ ಲೆಕ್ಕವನ್ನು ಅಗಲದಿಂದಲೇ ಶುರು ಮಾಡೋಣ. ಪಾತಿಯ ಅಗಲ ನಾಲ್ಕೂವರೆ ಅಡಿ. ಗೋಡೆಗೂ ಎಲೆಗೂ ನಡುವೆ ಒಂದಡಿ ಖಾಲಿ ಇರಬೇಕು. ಹೈಡ್ರೇಂಜಿಯಾದ ಬೇರು ನವಿರು, ಮೇಲು ಮಣ್ಣಿನಲ್ಲೇ ಹರಡುವಂಥದು, ಮನೆಯ ಅಡಿಪಾಯಕ್ಕೆ ಅದರಿಂದ ಭಯವಿಲ್ಲ. ಆದರೆ ಸದಾ ಒದ್ದೆ ಎಲೆ ತಾಗಿಕೊಂಡಿದ್ದರೆ ಸೈಡಿಂಗ್, ಅಂದರೆ ಹೊರಗೋಡೆಯ ಹೊದಿಕೆ, ಪಾಚಿಗಟ್ಟುತ್ತದೆ, ಗಾಳಿಯಾಡದೆ ಎಲೆಗೂ ಬೂದಿ ರೋಗ ಹಿಡಿಯುತ್ತದೆ, ಬಣ್ಣ ಬಳಿಯಲು ಬಂದವನಿಗೆ ಕಾಲಿಡಲು ಜಾಗವಿರುವುದಿಲ್ಲ. ಆ ಒಂದಡಿ ಕಳೆದರೆ ಉಳಿಯುವುದು ಮೂರೂವರೆ ಅಡಿ. ಪೂರ್ತಿ ಬೆಳೆದ ಪೊದೆಯ ಹರವು ಅಷ್ಟರೊಳಗಿರಬೇಕು. ಎತ್ತರ ಕಿಟಕಿಯ ಅಂಚಿಗಿಂತ ಕೆಳಗಿರಬೇಕಾದರೆ ಅದೂ ಮೂರೂವರೆ ಅಡಿ. ಹೀಗೆ ಎತ್ತರ ಮೂರೂವರೆ, ಅಗಲ ಮೂರೂವರೆ ಎಂಬ ಪೆಟ್ಟಿಗೆ ಸಿಕ್ಕಿತು, ಇದರೊಳಗೆ ಕೂರುವ ತಳಿಯನ್ನು ಹುಡುಕಬೇಕೇ ಹೊರತು ಮೊದಲು ಗಿಡ ಮೆಚ್ಚಿ ಆಮೇಲೆ ಜಾಗ ಹುಡುಕಬಾರದು. ಲೈಮ್‌ಲೈಟ್ ಪೂರ್ತಿ ಹೊರಗೆ. ಲಿಟಲ್ ಲೈಮ್ ಕೂಡ ಐದಡಿಗೆ ಹೋಗಬಲ್ಲದ್ದರಿಂದ ಹೊರಗೇ. ಅಂಗಡಿಯಲ್ಲಿ ‘ಲಿಟಲ್’ ಎಂಬ ಹೆಸರು ಕೇಳಿ ಹಲವರು ಮೋಸ ಹೋಗುವುದು ಇಲ್ಲಿಯೇ. ಎಂಟಡಿಯ ಅಣ್ಣನ ಪಕ್ಕದಲ್ಲಿ ಐದಡಿಯ ತಮ್ಮ ಪುಟ್ಟವನೇ ಸರಿ, ನಿಮ್ಮ ಕಿಟಕಿಯ ಪಕ್ಕದಲ್ಲಿ ಅಲ್ಲ.

ದೊಡ್ಡ ಗಿಡ ಹಾಕಿ ವರ್ಷಕ್ಕೊಮ್ಮೆ ಸವರಿಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ಅದಕ್ಕೂ ಲೆಕ್ಕವಿದೆ. ಪ್ಯಾನಿಕ್ಯುಲೇಟಾ ಮತ್ತು ಆರ್ಬೊರೆಸೆನ್ಸ್ ಆಯಾ ವರ್ಷದ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತವೆ, ಆದ್ದರಿಂದ ಮಾರ್ಚ್‌ನಲ್ಲಿ ಸವರಿದರೂ ಹೂವಿಗೆ ನಷ್ಟವಿಲ್ಲ. ಆದರೆ ಆಗಸ್ಟಿನಲ್ಲಿ ಗಿಡದ ಎತ್ತರ ಎಂದರೆ ಸವರಿದ ಮಟ್ಟ ಮತ್ತು ಆ ವರ್ಷದ ಚಿಗುರಿನ ಉದ್ದ ಎರಡನ್ನೂ ಕೂಡಿದ್ದು. ಗಟ್ಟಿ ಬೇರಿನ ಲೈಮ್‌ಲೈಟನ್ನು ಎರಡಡಿಗೆ ಕತ್ತರಿಸಿದರೂ ಒಂದೇ ಬೇಸಿಗೆಯಲ್ಲಿ ಮೂರಡಿ ಚಿಗುರು ಎಸೆಯುತ್ತದೆ. ಅಲ್ಲಿಗೆ ಐದಡಿ, ಕಿಟಕಿಯ ಅರ್ಧ. ಹೆಚ್ಚು ಕತ್ತರಿಸಿದಷ್ಟೂ ಅದು ಹೆಚ್ಚು ಉದ್ದದ, ಹೆಚ್ಚು ಬಳುಕುವ ಚಿಗುರು ಕೊಡುತ್ತದೆ, ಅದರ ತುದಿಯಲ್ಲಿ ಹೂ ದೊಡ್ಡದಾಗಿ ಇನ್ನಷ್ಟು ಜೋಲುತ್ತದೆ. ಮ್ಯಾಕ್ರೋಫಿಲಾ ಮತ್ತು ಕ್ವೆರ್ಸಿಫೋಲಿಯಾದ ಕಥೆ ಬೇರೆ. ಅವು ಮುಂದಿನ ವರ್ಷದ ಹೂಮೊಗ್ಗನ್ನು ಹಿಂದಿನ ಬೇಸಿಗೆಯ ಕೊನೆಯಲ್ಲೇ ಕಡ್ಡಿಯ ಮೇಲೆ ಕಟ್ಟಿಟ್ಟುಕೊಂಡಿರುತ್ತವೆ. ಕಿಟಕಿ ಕಾಣಲಿ ಎಂದು ಮಾರ್ಚ್‌ನಲ್ಲಿ ಕತ್ತರಿ ಹಾಕಿದರೆ ನೀವು ಕತ್ತರಿಸುವುದು ಜೂನ್ ತಿಂಗಳ ಹೂವನ್ನು. ಹೊಸ ಚಿಗುರಿನಲ್ಲೂ ಹೂ ಬಿಡುವ ಎಂಡ್‌ಲೆಸ್ ಸಮ್ಮರಿನಂಥ ತಳಿಗಳು ಇದಕ್ಕೆ ಸ್ವಲ್ಪ ಹೊರತು. ಅವುಗಳಲ್ಲೂ ಮೊದಲ ಹೂ ಹೋಗಿ ತಡವಾದ ಹೂ ಮಾತ್ರ ಉಳಿಯುತ್ತದೆ. ಅಂದಮೇಲೆ ಹಳೆ ಕಡ್ಡಿಯಲ್ಲಿ ಹೂ ಬಿಡುವ ಜಾತಿಗಳ ವಿಷಯದಲ್ಲಿ ಅಂದಾಜು ತಪ್ಪಿದರೆ ಕತ್ತರಿಯಿಂದ ಸರಿಪಡಿಸಲಾಗದು, ಗಿಡ ಕಿತ್ತೇ ಸರಿಪಡಿಸಬೇಕು.

ಆ ತಪ್ಪನ್ನು ನಾನೂ ಮಾಡಿದ್ದೇನೆ. ವರ್ಷಗಳ ಹಿಂದೆ ಅಡುಗೆಮನೆಯ ಹಿಂದೆ ಏರ್ ಕಂಡೀಷನರ್ ಪೆಟ್ಟಿಗೆಯನ್ನು ಮರೆ ಮಾಡಲೆಂದು ಅದರಿಂದ ಎರಡಡಿ ದೂರದಲ್ಲಿ ಕ್ವೆರ್ಸಿಫೋಲಿಯಾ ಒಂದನ್ನು ನೆಟ್ಟೆ. ಮೂರು ವರ್ಷ ಅದು ಅಚ್ಚುಕಟ್ಟಾಗಿಯೇ ಇತ್ತು. ಆರನೆಯ ಬೇಸಿಗೆ ರಿಪೇರಿಗೆ ಬಂದವರು ಪೆಟ್ಟಿಗೆಯ ಬಾಗಿಲು ತೆಗೆಯಲಾಗದೆ ನನ್ನ ಮುಖ ನೋಡಿದರು. ಮಣ್ಣಿನ ಗಡ್ಡೆ ಸಮೇತ ಅದನ್ನು ಎಬ್ಬಿಸಲು ಇಬ್ಬರಿಗೆ ಒಂದು ಪೂರ್ತಿ ಬೆಳಗು ಹಿಡಿಯಿತು, ಮುಂದಿನ ವರ್ಷ ಅದು ಒಂದೇ ಒಂದು ಹೂ ಬಿಡಲಿಲ್ಲ. ನಿಮ್ಮ ಪಾತಿಯಲ್ಲೂ ಗ್ಯಾಸ್ ಮೀಟರ್, ನೀರಿನ ನಲ್ಲಿ, ಡ್ರೈಯರಿನ ಬಿಸಿಗಾಳಿ ಬರುವ ಕಿಂಡಿ ಇವು ಎಲ್ಲಿವೆ ಎಂದು ಈಗಲೇ ನೋಡಿಕೊಳ್ಳಿ. ಅವುಗಳ ಮುಂದೆ ಮನುಷ್ಯ ಕೂರುವಷ್ಟು ಜಾಗ ಬಿಟ್ಟು ಉಳಿದದ್ದನ್ನು ಮಾತ್ರ ಪಾತಿ ಎಂದು ಎಣಿಸಿ.

ಕಾಗದದ ಲೆಕ್ಕವನ್ನು ನೆಲದ ಮೇಲೆ ನೋಡದೆ ಗುಂಡಿ ತೋಡಬೇಡಿ. ಮನೆಯಲ್ಲಿ ರಂಗೋಲಿ ಪುಡಿ ಇದ್ದೇ ಇರುತ್ತದೆ. ಗಿಡ ನೆಡುವ ಜಾಗದಲ್ಲಿ ಒಂದು ಗೂಟ ಹೊಡೆದು, ಕೊನೆಯ ಅಗಲದ ಅರ್ಧದಷ್ಟು ಉದ್ದದ ದಾರ ಕಟ್ಟಿ, ಅದನ್ನು ಎಳೆದು ಹಿಡಿದು ಸುತ್ತ ರಂಗೋಲಿ ಬಿಡಿ. ಗೂಟಕ್ಕೆ ಕೊನೆಯ ಎತ್ತರದಷ್ಟೇ ಉದ್ದದ ಕೋಲು ಕಟ್ಟಿ. ಹೀಗೆ ಎಲ್ಲ ಗಿಡಗಳಿಗೂ ಮಾಡಿ ಎರಡು ದಿನ ಹಾಗೇ ಬಿಡಿ. ಕಸದ ಡಬ್ಬಿ ಎಳೆದುಕೊಂಡು ಆ ದಾರಿಯಲ್ಲಿ ಹೋಗಿ, ಒಳಗೆ ಕುರ್ಚಿಯಲ್ಲಿ ಕೂತು ಕಿಟಕಿಯಿಂದ ಕೋಲಿನ ತುದಿ ಎಲ್ಲಿಗೆ ಬರುತ್ತದೆ ನೋಡಿ. ಲೈಮ್‌ಲೈಟಿಗೆ ಎಂಟಡಿಯ ವೃತ್ತ ಬರೆಯಲು ಹೊರಟರೆ ರಂಗೋಲಿ ಗೋಡೆಯೊಳಗೆ ಹೋಗಬೇಕಾಗುತ್ತದೆ, ಅಷ್ಟರಲ್ಲೇ ಉತ್ತರ ಸಿಕ್ಕಿರುತ್ತದೆ.

ಮೂರೂವರೆ ಅಡಿಯ ಪೆಟ್ಟಿಗೆಗೆ ನಾನು ಸೂಚಿಸುವುದು ‘ಬೋಬೊ’ ಎಂಬ ಪ್ಯಾನಿಕ್ಯುಲೇಟಾ; ಲೇಬಲ್ಲಿನಲ್ಲಿ ತಳಿಯ ಹೆಸರು ‘ಇಲ್ವೋಬೊ’ ಎಂದಿರುತ್ತದೆ. ಎರಡೂವರೆಯಿಂದ ಮೂರಡಿ ಎತ್ತರ, ಮೂರರಿಂದ ನಾಲ್ಕಡಿ ಅಗಲ. ನನ್ನ ಕಾಲು ಭಾಗದ ರೂಢಿಯಂತೆ ನೋಡಿದರೆ ಇದರ ಅಗಲವೂ ನಿಮ್ಮ ಮಿತಿ ಮೀರುತ್ತದೆ, ನಿಜ. ಆದರೆ ಹೊಸ ಚಿಗುರಿನಲ್ಲಿ ಹೂ ಬಿಡುವ ಗಿಡವಾದ್ದರಿಂದ, ಚಿಗುರೂ ಗಿಡ್ಡವೇ ಆದ್ದರಿಂದ ಮಾರ್ಚ್‌ನಲ್ಲಿ ಸುತ್ತ ಅರ್ಧ ಅಡಿ ಸವರಿದರೆ ಹಿಡಿತದಲ್ಲಿರುತ್ತದೆ. ಲೈಮ್‌ಲೈಟಿಗೆ ಹೇಳದ ಮಾತನ್ನು ಇದಕ್ಕೆ ಹೇಳುತ್ತಿರುವುದು ಅರ್ಧ ಅಡಿಗೂ ನಾಲ್ಕಡಿಗೂ ಇರುವ ವ್ಯತ್ಯಾಸದಿಂದ. ಪೂರ್ವದ ಗೋಡೆಗೆ ಬೆಳಗಿನ ಬಿಸಿಲು ಐದಾರು ಗಂಟೆ ಬೀಳುವುದಾದರೆ ಇದಕ್ಕೆ ಸಾಕು. ಅದಕ್ಕಿಂತ ನೆರಳಾದರೆ ಕಡ್ಡಿ ಬೆಳಕು ಹುಡುಕಿಕೊಂಡು ದಾರಿಯ ಕಡೆಗೆ ವಾಲುತ್ತದೆ, ಆಗ ಅಗಲದ ಲೆಕ್ಕ ಮತ್ತೆ ಕೆಡುತ್ತದೆ. ತವರಿನ ನೀಲಿ ಚೆಂಡೇ ಬೇಕೆಂಬ ಆಸೆಯಿದ್ದರೆ ‘ಸಿಟಿಲೈನ್’ ಮಾಲಿಕೆಯ ಕುಳ್ಳು ಮ್ಯಾಕ್ರೋಫಿಲಾಗಳಿವೆ, ಸಾಮಾನ್ಯವಾಗಿ ಮೂರಡಿ ದಾಟವು. ಚಳಿಗೆ ಮೇಲಿನ ಕಡ್ಡಿ ಸತ್ತ ವರ್ಷ ಹೂವಿಲ್ಲದಿದ್ದರೂ ಬೇಸರಿಸಬಾರದು ಅಷ್ಟೆ.

ಎಷ್ಟು ಗಿಡ? 16 ಅಡಿಗೆ ನಾಲ್ಕು. ಮೊದಲನೆಯದನ್ನು ಪಾತಿಯ ತುದಿಯಿಂದ ಎರಡಡಿ ಒಳಗೆ, ಅಲ್ಲಿಂದ ನಾಲ್ಕಡಿಗೊಂದರಂತೆ ಉಳಿದ ಮೂರು. ಕೊನೆಯದು ಇನ್ನೊಂದು ತುದಿಯಿಂದ ಎರಡಡಿಗೆ ಬಂದು ನಿಲ್ಲುತ್ತದೆ. ಗೋಡೆಯಿಂದ ಗಿಡದ ನಡುವಿಗೆ ಎರಡೂಮುಕ್ಕಾಲು ಅಡಿ ಬಿಡಿ. ಒಂದಡಿ ಖಾಲಿ ಜಾಗ, ಅದರ ಮೇಲೆ ಅರ್ಧ ಹರವು. ಮೊದಲ ಎರಡು ಬೇಸಿಗೆ ಗಿಡ ಬೇರು ಬಿಡುವುದರಲ್ಲೇ ಕಳೆಯುತ್ತದೆ, ಪಾತಿ ಬೋಳು ಬೋಳಾಗಿ ಕಾಣುತ್ತದೆ, ಬಂದವರೆಲ್ಲ ಇನ್ನೆರಡು ಗಿಡ ಹಾಕಬಹುದಿತ್ತು ಎನ್ನುತ್ತಾರೆ. ನಡುವೆ ಚೆಂಡುಹೂವಿನ ಸಸಿ ಹಚ್ಚಿಕೊಳ್ಳಿ, ಮೂರನೆಯ ವರ್ಷ ತಾನಾಗಿ ಜಾಗ ಮುಚ್ಚುತ್ತದೆ. ಲೈಮ್‌ಲೈಟಿನ ಮೇಲೆ ಮನಸ್ಸಿದ್ದರೆ ಮನೆಯ ಮೂಲೆಯಾಚೆ ಬಯಲಿನಲ್ಲಿ, ಗೋಡೆಯಿಂದ ಆರಡಿ ದೂರಕ್ಕೆ, ಒಂದೇ ಒಂದನ್ನು ಹಾಕಿ. ಅಲ್ಲಿ ಅದು ಕತ್ತರಿಯ ಮುಖ ನೋಡದೆ ಬೆಳೆಯಲಿ.

ಕೊಳ್ಳುವ ಮೊದಲು ಹತ್ತು ವರ್ಷ ದಾಟಿದ ಗಿಡವನ್ನು ಒಮ್ಮೆ ಕಣ್ಣಾರೆ ನೋಡುವುದು ಎಲ್ಲ ಲೆಕ್ಕಕ್ಕಿಂತ ಮೇಲು. ನಿಮ್ಮಿಂದ ಸುಮಾರು ಎರಡು ಗಂಟೆಯ ದಾರಿಯಲ್ಲಿ ಡೆಲವೇರ್ ರಾಜ್ಯದ ಮೌಂಟ್ ಕ್ಯೂಬಾ ಸೆಂಟರ್ ಎಂಬ ಸಸ್ಯೋದ್ಯಾನ ಇದೆ. ಅಲ್ಲಿ ಆರ್ಬೊರೆಸೆನ್ಸ್ ತಳಿಗಳನ್ನು ಒಟ್ಟಿಗೆ ನೆಟ್ಟು ವರ್ಷಗಟ್ಟಲೆ ಗಮನಿಸಿ ವರದಿ ಪ್ರಕಟಿಸಿದ್ದಾರೆ. ಅದರಲ್ಲಿ ‘ಹಾಸ್ ಹೇಲೊ’ ಎಂಬ ತಳಿ ಮೇಲುಗೈ ಪಡೆಯಿತು. ಸಾರ್ವಜನಿಕ ತೋಟಗಳಲ್ಲಿ ಗಿಡಕ್ಕೆ ಹೆಸರಿನ ಫಲಕ ಇರುತ್ತದೆ. ಟೇಪು ತೆಗೆದುಕೊಂಡು ಹೋಗಿ, ಎತ್ತರಕ್ಕಿಂತ ಮೊದಲು ಅಗಲ ಅಳೆಯಿರಿ.

ಇನ್ನು ಮಗಳು ತಂದುಕೊಟ್ಟ ಕುಂಡದ ಗಿಡ. ಹಬ್ಬಕ್ಕೆಂದು ಮಾರುವ ಇಂಥ ಮ್ಯಾಕ್ರೋಫಿಲಾಗಳನ್ನು ಗಾಜಿನಮನೆಯಲ್ಲಿ ಬೆಳೆಸುವಾಗ ಗಿಡ ಉದ್ದವಾಗದಂತೆ ಬೆಳವಣಿಗೆ ತಡೆಯುವ ಔಷಧ ಸಿಂಪಡಿಸುವುದು ರೂಢಿ. ಒಂದೂವರೆ ಅಡಿ ಎತ್ತರ, ಕುಂಡದ ತುಂಬ ಹೂ ಇರುವ ಆ ಅಂದ ಔಷಧದ್ದೇ ಹೊರತು ತಳಿಯದಲ್ಲ. ನೆಲದಲ್ಲಿ ಹಾಕಿದ ಮೇಲೆ ಅದರ ಪ್ರಭಾವ ಕರಗಿ ಗಿಡ ತನ್ನ ನಿಜವಾದ ಗಾತ್ರಕ್ಕೆ ತಿರುಗುತ್ತದೆ, ಅದು ಮೂರಡಿಯೋ ಐದಡಿಯೋ ಹೆಸರಿಲ್ಲದೆ ಹೇಳಲಾಗದು. ಆದ್ದರಿಂದ ಅದನ್ನು ಮುಂದಿನ ಪಾತಿಗೆ ಹಾಕಬೇಡಿ. ಹಿತ್ತಲಿನಲ್ಲಿ ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ, ಸುತ್ತ ಐದಡಿ ಖಾಲಿ ಇರುವ ಜಾಗದಲ್ಲಿ, ಜಿಂಕೆಗೆ ಎಟುಕದಂತೆ ಬಲೆ ಕಟ್ಟಿ ನೆಡಿ. ನವೆಂಬರಿನಲ್ಲಿ ಬುಡದ ಸುತ್ತ ಒಣ ಎಲೆ ಒಟ್ಟಿ. ಎರಡನೆಯ ವರ್ಷದ ಸೆಪ್ಟೆಂಬರಿನಲ್ಲಿ ಅಗಲ, ಎತ್ತರ ಎರಡನ್ನೂ ಅಳೆದು ಬರೆದಿಡಿ, ಮೂರನೆಯ ವರ್ಷವೂ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸ ಅರ್ಧ ಅಡಿಗಿಂತ ಕಡಿಮೆಯಿದ್ದು, ಆ ಚಳಿಗಾಲ ಕಡ್ಡಿ ಸಾಯದೆ ಉಳಿದಿದ್ದರೆ ಗಿಡ ತನ್ನ ಗಾತ್ರದ ಹತ್ತಿರ ಬಂದಿದೆ ಎಂದು ತಿಳಿಯಬಹುದು. ಆಗ ಬೇಕೆನಿಸಿದರೆ ಎಲೆ ಉದುರಿದ ಮೇಲೆ ಅದನ್ನು ಎಬ್ಬಿಸಿ ಮುಂದಕ್ಕೆ ತನ್ನಿ.